ಎಡಗೈ ಹೊಲಿಗೆ

ಕೌದಿ ಹರಿದದ್ದು ವಾಷಿಂಗ್ ಮಷಿನ್‌ನಲ್ಲಿ. ತಪ್ಪು ನನ್ನದೇ. ಆಗ ನಾವು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ರೆಂಟಿಗಿದ್ದೆವು. ಮಾರ್ಸ್ಡನ್ ಪಾರ್ಕ್‌ನಲ್ಲಿ ನಮ್ಮದೇ ಮನೆ ಏಳುತ್ತಿತ್ತು. ಮನೆ ಬದಲಿಸುವ ಮೊದಲು ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಕಟ್ಟಿಡೋಣವೆಂದು ಹೊರಟವಳು, ಕೈಯಲ್ಲೇ ಒಗೆಯಬೇಕಾದ ಕೌದಿಯನ್ನೂ ಮಷಿನ್‌ಗೆ ತುರುಕಿಬಿಟ್ಟೆ. ಹೊರಗೆ ತೆಗೆದಾಗ ಒಂದು ಮೂಲೆ ಕಿತ್ತುಬಂದಿತ್ತು. ಒಳಗಿನ ಹಳೇ ಧೋತರದ ಚಿಂದಿ ನೀರು ಸುರಿಸುತ್ತ ಜೋತಾಡುತ್ತಿತ್ತು.

ನನ್ನ ಬಾಣಂತನಕ್ಕೆಂದು ಗದಗದಿಂದ ಬಂದಾಗ ಅವ್ವ ಅದನ್ನು ತಂದಿದ್ದಳು. ಅವಳ ಸೂಟ್‌ಕೇಸಿನಲ್ಲಿ ಅರ್ಧ ಅದೇ ಇತ್ತು. ಹಳೇ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಕೈಯಲ್ಲೇ ಸಾಲುಹೊಲಿಗೆ ಹಾಕಿದ ಹೊದಿಕೆ. ನಾನು ಹುಟ್ಟುವ ಮೊದಲು ಒಂದು ಬೇಸಿಗೆಯಲ್ಲಿ ಅವ್ವನೂ ನನ್ನ ಅಪ್ಪನ ತಾಯಿಯೂ ಎದುರುಬದುರು ಕೂತು ಅದನ್ನು ಹೊಲಿದಿದ್ದರಂತೆ. ಆ ಅಜ್ಜಿ ನನ್ನ ಐದನೇ ವಯಸ್ಸಿನಲ್ಲೇ ತೀರಿಕೊಂಡಳು. ಅವಳ ಮಾತು ಬಂದರೆ ಅವ್ವ "ಕಲ್ಲು ಆಕಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಅವರಿಬ್ಬರೂ ಜೊತೆಗೂಡಿ ಮಾಡಿದ ಕೆಲಸ ಆ ಕೌದಿಯೊಂದೇ ಇರಬೇಕು.

"ಬಿಡೇ, ಹೊಸ ಮನೆಗೆ ಹೊಸ ರಜಾಯಿ ತಗೊಂಡ್ರಾಯ್ತು," ಎಂದ ನನ್ನ ಗಂಡ. ಅವನು ಮೈಸೂರಿನವನು. ಕೌದಿ ಅವನಿಗೆ ಅಂಥ ದೊಡ್ಡ ವಿಷಯವಲ್ಲ. ಆದರೆ ಏಳು ವರ್ಷದ ನನ್ನ ಮಗಳು ಹುಟ್ಟಿದಾಗಿನಿಂದ ಅದರಡಿಯಲ್ಲೇ ಮಲಗಿದವಳು. ಹರಿದ ಮೂಲೆ ಹಿಡಿದು ಅವಳು ಅತ್ತ ರೀತಿಗೆ ಗಂಡನೂ ಬಾಯಿ ಮುಚ್ಚಿದ.

ಸೂಜಿ ಹಿಡಿದು ಕೂತೆ. ಮೊದಲ ಪದರಕ್ಕೇ ದಾರ ಗಂಟಾಯಿತು, ಸೂಜಿ ಮುರಿಯಿತು. ಕೆಲವು ವಾರಗಳ ನಂತರ, ಕೈಕೆಲಸದವರೇ ತಮ್ಮ ತಮ್ಮ ವಸ್ತುಗಳನ್ನು ಮಾರುವ ಒಂದು ವೀಕೆಂಡ್ ಸಂತೆಗೆ ಹೋಗಿದ್ದೆವು. ಮಣ್ಣಿನ ಬಟ್ಟಲು, ಮರದ ಸೌಟು, ಮನೆಯಲ್ಲೇ ಕಾಸಿದ ಸೋಪು ಎಲ್ಲ ದಾಟಿ ಕೊನೆಗೆ ಒಂದು ಮೇಜಿನ ಮುಂದೆ ನಿಂತೆ. ಅರವತ್ತು ದಾಟಿದ ಹೆಂಗಸೊಬ್ಬರು ಹಳೇ ಹೊದಿಕೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ತೇಪೆ ಹಾಕುತ್ತಿದ್ದರು. ಅವರು ಮೆಲ್ಬರ್ನ್‌ನವರು. ಜನರ ಹಳೇ ಹೊದಿಕೆಗಳನ್ನು ಕೈಯಲ್ಲೇ ರಿಪೇರಿ ಮಾಡುವುದೇ ಅವರ ವೃತ್ತಿ. ವರ್ಷಕ್ಕೆ ಎರಡು ಬಾರಿ ಸಿಡ್ನಿಗೆ ಬರುತ್ತಿದ್ದರು. ಫೋನಿನಲ್ಲಿದ್ದ ಕೌದಿಯ ಫೋಟೊ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದನ್ನು ನನಗೆ ಕಳಿಸಿಕೊಡಿ," ಎಂದರು. "ಆದರೆ ಅವಸರ ಮಾಡಬೇಡಿ. ಒಳಗಿನ ಬಟ್ಟೆ ಹೇಳಿದ ಹಾಗೆ ನಾನು ಕೇಳಬೇಕಾಗುತ್ತದೆ."

ಕಳಿಸಿದೆ. ಒಂದು ತಿಂಗಳಾಯಿತು. ಒಂದು ದಿನ ಆಫೀಸಿನಲ್ಲಿದ್ದಾಗ ಅವರ ಫೋನು ಬಂತು.

"ಕೆಲಸ ನಿಲ್ಲಿಸಿದ್ದೇನೆ. ಒಳಗೆ ಏನೋ ಇಟ್ಟು ಹೊಲಿದಿದ್ದಾರೆ. ಹೆದರಬೇಡಿ, ಏನೂ ಹಾಳಾಗಿಲ್ಲ. ಆದರೆ ಇದನ್ನು ನಾನು ಪೋಸ್ಟ್‌ನಲ್ಲಿ ಕಳಿಸಲಾರೆ, ಫೋಟೊ ಕಳಿಸುವ ಮನಸ್ಸೂ ಇಲ್ಲ. ನೀವೇ ಬನ್ನಿ."

ಮನೆಗೆ ಬಂದು ಹೇಳಿದಾಗ ಗಂಡನ ಕಣ್ಣು ಅರಳಿತು. "ಬಂಗಾರ ಇರಬಹುದು ಕಣೇ! ನಿಮ್ಮಜ್ಜಿ ಗಟ್ಟಿಗಿತ್ತಿ ಅಂತೀಯಲ್ಲ." ನನಗೂ ಹಾಗೇ ಅನ್ನಿಸಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮೆಲ್ಬರ್ನ್‌ಗೆ ಹಾರುವಾಗ ನಾನು ಯೋಚಿಸುತ್ತಿದ್ದದ್ದು ಅಜ್ಜಿಯ ಚಿನ್ನದ ಬೋರಮಾಳ ಸರದ ಬಗ್ಗೆ.

ಅಲ್ಲಿನ ವೆರಿಬೀ ಬಡಾವಣೆಯಲ್ಲಿದ್ದ ಗೆಳತಿಯ ಮನೆಯಲ್ಲಿ ಉಳಿದೆ. ಮರುದಿನ ಮಧ್ಯಾಹ್ನ ಅವಳೇ ಕಾರಿನಲ್ಲಿ ಆ ಹೆಂಗಸಿನ ಮನೆಯ ಮುಂದೆ ಬಿಟ್ಟು, "ಶಿಫ್ಟ್ ಮುಗಿಸ್ಕೊಂಡು ಪಿಕ್ ಮಾಡ್ತೀನಿ," ಎಂದು ಹೊರಟುಹೋದಳು. ಮನೆಯ ಹಿಂದಿನ ಶೆಡ್ಡೇ ಅವರ ಕೆಲಸದ ಜಾಗ. ಗೋಡೆಗೆ ಗೋಣಿಚೀಲದ ಒಂದು ಹೊದಿಕೆ ತೂಗುಹಾಕಿದ್ದರು. ಅದಕ್ಕೆ ಇಲ್ಲಿಯವರು ವಾಗಾ ಎನ್ನುತ್ತಾರಂತೆ. ಹಿಂದೆ ಬಡವರು ಗೋಧಿಚೀಲ, ಹರಿದ ಕೋಟು, ಸ್ವೆಟರ್ ಎಲ್ಲ ಸೇರಿಸಿ ಹೊಲಿದುಕೊಳ್ಳುತ್ತಿದ್ದರು ಎಂದು ಹೇಳಿದರು. "ಅದಕ್ಕೇ ಕತ್ತರಿ ಹಿಡಿಯುವ ಮೊದಲು ಬೆರಳಿನಿಂದ ತಡವಿ ನೋಡುವ ಅಭ್ಯಾಸ ನನಗೆ."

ಉದ್ದನೆಯ ಮೇಜಿನ ಮೇಲೆ ಕೌದಿ ಹಾಸಿತ್ತು. ಹರಿದ ಮೂಲೆಯನ್ನು ಬಿಚ್ಚಿ, ಪದರಗಳನ್ನು ಪುಸ್ತಕದ ಹಾಳೆಯಂತೆ ಮಡಚಿಟ್ಟಿದ್ದರು. ಅವರು ಮೊದಲು ನನಗೆ ತೋರಿಸಿದ್ದು ಒಳಗಿದ್ದ ವಸ್ತುವನ್ನಲ್ಲ, ಹೊಲಿಗೆಯನ್ನು.

"ಇದನ್ನು ಇಬ್ಬರು ಹೊಲಿದಿದ್ದಾರೆ, ಗೊತ್ತೇ?"

"ಗೊತ್ತು. ನಮ್ಮ ತಾಯಿ, ನಮ್ಮ ಅಜ್ಜಿ."

"ಒಬ್ಬರದು ಬಲಗೈ. ಸಣ್ಣ ಹೊಲಿಗೆ, ಅಕ್ಕಿಕಾಳಿನ ಹಾಗೆ. ಇನ್ನೊಬ್ಬರದು ಎಡಗೈ. ನೋಡಿ, ಅವರ ದಾರ ಆ ಕಡೆಯಿಂದ ಶುರುವಾಗುತ್ತದೆ, ಹೊಲಿಗೆ ಉದ್ದ, ಈ ಕಡೆ ವಾಲುತ್ತದೆ. ಎಲ್ಲ ಕಡೆ ಇಬ್ಬರ ಸಾಲೂ ಅಕ್ಕಪಕ್ಕ ಇವೆ. ಈ ಒಂದು ಗೇಣು ಜಾಗದಲ್ಲಿ ಮಾತ್ರ ಬಲಗೈಯ ಒಂದು ಹೊಲಿಗೆಯೂ ಇಲ್ಲ. ಜೋಡಿ ದಾರದಲ್ಲಿ ಮೂರು ಸುತ್ತು, ಪೂರ್ತಿ ಎಡಗೈಯೇ."

ಅವ್ವ ಬಲಗೈಯವಳು. ಹಾಗಾದರೆ ಇದು ಅಜ್ಜಿಯದು. ನಾನು ತಲೆಯಾಡಿಸಿದೆ. ಅವರು ಮೇಲಿನ ಪದರವನ್ನು ಎತ್ತಿದರು.

ಒಂದು ಕುಂಚಿಗೆ.

ಹಸುಗೂಸಿನ ತಲೆಗೆ ಕಟ್ಟುವ, ಬೆನ್ನಿನ ಮೇಲೆ ಇಳಿಬೀಳುವ ಕುಂಚಿಗೆ. ಕುಪ್ಪಸದ ಕೆಂಪು ಖಣದ್ದು. ಮಡಚಿ ಮಡಚಿ ಚಪ್ಪಟೆಯಾಗಿದ್ದರೂ ಬಣ್ಣ ಹೊಸದರಂತೆ ಇತ್ತು. ಅವರಿಗೆ ಅದು ಏನೆಂದು ತಿಳಿದಿರಲಿಲ್ಲ. ಮೊದಲು ಬೊಂಬೆಯ ಬಟ್ಟೆ ಎಂದುಕೊಂಡಿದ್ದರಂತೆ. ಆಮೇಲೆ ಒಳಮೈ ತೋರಿಸಿ, "ಆದರೆ ಇದನ್ನು ಯಾರೋ ಹಾಕಿಕೊಂಡಿದ್ದಾರೆ," ಎಂದರು. ಹಣೆ ತಾಗುವ ಕಡೆ ಕಾಡಿಗೆಯ ಕಲೆ ಇತ್ತು. ತಲೆಯ ಎಣ್ಣೆಜಿಡ್ಡು ಕಂದಾಗಿ ಹರಡಿತ್ತು.

ನನ್ನದೇ ಇರಬೇಕು ಎಂದುಕೊಂಡೆ. ಆದರೆ ನನ್ನ ಕುಂಚಿಗೆ ಹಸಿರು. ಅದು ಅವ್ವನ ಟ್ರಂಕಿನಲ್ಲಿದೆ, ನಾನೇ ಎಷ್ಟೋ ಸಲ ನೋಡಿದ್ದೇನೆ. ತಮ್ಮನೂ ಅದನ್ನೇ ಹಾಕಿಕೊಂಡವನು. ನಮ್ಮಿಬ್ಬರನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಕೂಸಿರಲಿಲ್ಲ. ಅವರನ್ನು ಕೇಳಿಕೊಂಡು, ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿದೆ. ಗದಗದಲ್ಲಿ ಆಗಿನ್ನೂ ಬೆಳಿಗ್ಗೆ.

"ಅವ್ವಾ, ಕೌದಿ ರಿಪೇರಿಗೆ ಕೊಟ್ಟಿದ್ದೆ ಅಂದಿದ್ನಲ್ಲ. ಅದರೊಳಗ ಒಂದು ಕೆಂಪು ಕುಂಚಿಗಿ ಐತಿ. ಯಾರದು?"

ಲೈನು ಕಟ್ಟಾಯಿತೇ ಎಂದು ಫೋನು ನೋಡಿದೆ. ಕಟ್ಟಾಗಿರಲಿಲ್ಲ.

"ಕೆಂಪು ಅಂದೇನ?"

"ಹೂಂ. ಖಣದ್ದು."

"ಹಂಗಿರಾಕ ಸಾಧ್ಯ ಇಲ್ಲ," ಎಂದಳು ಅವ್ವ. ಆಮೇಲೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. "ನಿನಗಿಂತ ಮೊದ್ಲು ಒಂದಿತ್ತು. ಹೆಣ್ಣು. ನಲವತ್ತೊಂದು ದಿನ ಇತ್ತು, ಹೋತು."

ಮೂವತ್ನಾಲ್ಕು ವರ್ಷ ನಾನು ಆ ಮನೆಯ ಚೊಚ್ಚಲ ಮಗಳು. ಶಾಲೆಯ ಫಾರ್ಮಿನಿಂದ ಹಿಡಿದು ನನ್ನ ಹೆರಿಗೆಯ ಡಾಕ್ಟರರವರೆಗೆ ಎಲ್ಲರಿಗೂ ಹಾಗೇ ಹೇಳಿದ್ದೆ. ಪರದೇಶದ ಒಂದು ಶೆಡ್ಡಿನಲ್ಲಿ, ಗುರುತಿಲ್ಲದವರ ಮುಂದೆ ನಿಂತು, ನನಗೊಬ್ಬ ಅಕ್ಕ ಇದ್ದಳು ಎಂಬುದನ್ನು ಕೇಳಿಸಿಕೊಂಡೆ. ಆ ಹೆಂಗಸು ಏನೂ ಕೇಳದೆ ಒಂದು ಕುರ್ಚಿ ಎಳೆದು ನನ್ನ ಹಿಂದೆ ಇಟ್ಟರು.

"ಹೋದ ಕೂಸಿನ ಅರಿವಿ ಮನ್ಯಾಗ ಇಡಬಾರದು ಅಂದ್ಲು ನಿಮ್ಮಜ್ಜಿ," ಅವ್ವ ಹೇಳುತ್ತಿದ್ದಳು. "ಮುಂದ ಹುಟ್ಟೋ ಕೂಸಿಗೆ ಚಲೋ ಅಲ್ಲ ಅಂತ. ಎಲ್ಲಾ ಒಂದು ಗಂಟು ಕಟ್ಟಿದ್ಲು. ಕುಂಚಿಗಿ ಒಂದ ಇಟ್ಕೋತೀನಿ ಅಂತ ಕಾಲು ಹಿಡದೆ ನಾನು. ಕೈ ಕೊಡವಿ ಹೋದ್ಲು. ಹಳ್ಳಕ್ಕ ಬಿಟ್ಟು ಬಂದೆ ಅಂದ್ಲು. ಹಳ್ಳಕ್ಕ ಹೋಗಿದ್ದು ಅಲ್ಲಿಗೆ ಹೆಂಗ ಬರತೈತಿ? ಬ್ಯಾರೆ ಯಾವುದೋ ಚಿಂದಿ ಇರಬೇಕು ನೋಡು."

"ವಿಡಿಯೊ ಹಾಕತೀನಿ. ನೀನ ನೋಡು."

ಅವ್ವನ ಮುಖ ಕಂಡಿತು. ಇನ್ನೂ ಬಾಚದ ಬಿಳಿ ಕೂದಲು, ಹಿಂದೆ ಅಡುಗೆಮನೆಯ ಗೋಡೆ. ಫೋನನ್ನು ಮೇಜಿನ ಕಡೆ ತಿರುಗಿಸಿದೆ.

"ಹತ್ತರ ಹಿಡಿ. ಬೆನ್ನಿನ ಕಡೆ ಹೊಳ್ಳಿಸು. ಕೆಳಗ ಅಂಚಿನ್ಯಾಗ ಒಂದು ಗುಬ್ಬಿ ಐತೇನ ನೋಡು. ಕೂಸು ಹೊಟ್ಯಾಗಿದ್ದಾಗ ನಾ ತೆಗೆದಿದ್ದೆ."

ಆ ಹೆಂಗಸಿಗೆ ಕನ್ನಡ ಬಾರದು. ಆದರೂ ನಾನು ತಡಬಡಾಯಿಸುವಷ್ಟರಲ್ಲಿ ಅವರೇ ಕುಂಚಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಳಿಸಿದರು. ಅಂಚಿನಲ್ಲಿ ಹಳದಿ ದಾರದ ಕಸೂತಿಯ ಗುಬ್ಬಿ ಇತ್ತು. ಒಂದು ರೆಕ್ಕೆ ಅರ್ಧಕ್ಕೇ ನಿಂತಿತ್ತು.

"ಮುಗಿಸೋದ್ರಾಗ ಬ್ಯಾನಿ ಬಂತು," ಎಂದಳು ಅವ್ವ. ಆಮೇಲೆ ಬಹಳ ಮೆಲ್ಲಗೆ ಕೇಳಿದಳು. "ಅದನ್ನ ಹೊಲಿದಾಕಿ ಯಾರು? ಆ ಬಾಯಾರನ್ನ ಕೇಳು."

"ಕೇಳೀನಿ. ಅಷ್ಟ ಜಾಗಾ ಪೂರಾ ಎಡಗೈ ಹೊಲಿಗಿ ಅಂತ. ಅಜ್ಜಿ ಎಡಚಿ ಇದ್ಲೇನ?"

ಅವ್ವ ಫೋನನ್ನು ಬೋರಲು ಹಾಕಿದಳು. ಪರದೆ ಕಪ್ಪಾಯಿತು. ನಲ್ಲಿಯಿಂದ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ನಾವಿಬ್ಬರೂ ಆ ಕಪ್ಪು ಪರದೆಯನ್ನೇ ನೋಡುತ್ತ ಕೂತೆವು. ಆಗ ನಾನು ಅವರಿಗೆ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ಅವ್ವ ಮತ್ತೆ ಕಾಣಿಸಿಕೊಂಡಾಗ ಮುಖ ತೊಳೆದುಕೊಂಡಿದ್ದಳು.

"ನೀ ಹುಟ್ಟಿದಾಗ," ಎಂದಳು, "ಬಾಣಂತಿ ಕೋಣಿಗೆ ಈ ಕೌದಿ ನಿಮ್ಮಜ್ಜಿ ತಾನ ತಂದ್ಲು. ತಾನ ಹೊದಿಸಿದ್ಲು. ಈ ಮೂಲಿ ನನ್ನ ಎದಿ ಮ್ಯಾಲೆ ಬರೋ ಹಂಗ ಜಗ್ಗಿ ಜಗ್ಗಿ ಹೊದಿಸಿದ್ಲು. ನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದೆ. ಆಕೀ ಮಾರಿ ನೋಡಲಿಲ್ಲ."

"ಹೇಳಬಹುದಿತ್ತಲ್ಲ ಅಜ್ಜಿ?"

"ಹೆಂಗ ಹೇಳತಾಳ? ಮನ್ಯಾಗ ಇಡಬಾರದು ಅಂದಾಕೀನ ಆಕಿ."

ಆಗ ನನ್ನೊಳಗೆ ಎದ್ದದ್ದು ಕರುಣೆಯಲ್ಲ, ಭಯ. ಓದಿದವಳು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗಿದವಳು. ಆದರೂ ಬಾಯಿಂದ ಬಂದೇಬಿಟ್ಟಿತು. "ಅವ್ವಾ, ಏಳು ವರ್ಷದಿಂದ ನನ್ನ ಮಗಳಿಗೆ ಇದನ್ನ ಹೊದಿಸೀನಿ."

"ಏನಾತು? ಚಲೋ ನಿದ್ದಿ ಮಾಡ್ಯಾಳಲ್ಲ," ಎಂದಳು ಅವ್ವ ಗಡುಸಾಗಿ. ಆ ಗಡುಸುತನದಿಂದಲೇ ನನಗೆ ಉಸಿರು ಮರಳಿತು.

ಕುಂಚಿಗೆಯನ್ನು ಊರಿಗೆ ಕಳಿಸಲೇ ಎಂದು ಕೇಳಿದೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಕೊನೆಗೆ, "ಎಲ್ಲಿತ್ತೋ ಅಲ್ಲೇ ಇಡಸು. ಇಟ್ಟಾಕಿ ಆಕಿ. ತಗಿಯಾಕ ನಾ ಯಾರು?" ಎಂದಳು. ಫೋನು ಇಡುವ ಮೊದಲು ಆ ಹೆಂಗಸಿನ ಕಡೆ ನೋಡಿ ಎರಡೂ ಕೈ ಮುಗಿದಳು. ಅವರೂ ಹಾಗೇ ಕೈ ಮುಗಿದರು.

ಅವ್ವನ ಮಾತನ್ನು ಅವರಿಗೆ ತಿಳಿಸಿದೆ. ಅವರು ಕುಂಚಿಗೆಯನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಚಿ ಒಳಗಿಟ್ಟರು. ದಾರ ಜೋಡಿ ಮಾಡಿ ಪೋಣಿಸಿದರು. ಆಮೇಲೆ ಸೂಜಿಯನ್ನು ಎಡಗೈಗೆ ತೆಗೆದುಕೊಂಡರು.

"ನೀವು ಎಡಚರೇ?"

"ಅಲ್ಲ. ಹಳೇ ತೂತುಗಳು ಇನ್ನೂ ಇವೆ. ಅವರ ಕೈ ಹೋದ ದಾರಿಯಲ್ಲೇ ಹೋಗಬೇಕಲ್ಲ."

ಬೆರಳಿನ ಗೆಣ್ಣುಗಳು ಊದಿದ್ದ ಆ ಕೈ ತಪ್ಪುತ್ತ, ಬಿಚ್ಚಿ ಮತ್ತೆ ಹಾಕುತ್ತ ಮೂರು ಸುತ್ತು ಮುಗಿಸುವಷ್ಟರಲ್ಲಿ ಮಧ್ಯಾಹ್ನವೆಲ್ಲ ಕಳೆದಿತ್ತು. ಮಷಿನ್ ಕಿತ್ತುಹಾಕಿದ್ದ ಅಂಚನ್ನು ಮಾತ್ರ ಬಲಗೈಯಲ್ಲಿ ಸರಸರನೆ ಹೊಲಿದರು. ನಾನು ದಾರ ಕತ್ತರಿಸಿ ಕೊಡುತ್ತ ಪಕ್ಕದಲ್ಲೇ ಕೂತಿದ್ದೆ. ಗೆಳತಿ ಬಂದು ಹಾರ್ನ್ ಹೊಡೆದಾಗ ಅವರು ಕೌದಿಯನ್ನು ಕೂಸನ್ನು ಕೊಡುವಂತೆ ನನ್ನ ಕೈಮೇಲೆ ಇಟ್ಟರು.

ಸಿಡ್ನಿಗೆ ಬಂದು ಗಂಡನಿಗೆ ಹೇಳಿದೆ. ಬಂಗಾರದ ಮಾತು ಆಡಿದ್ದಕ್ಕೆ ಅವನು ನಾಚಿಕೊಂಡ. ಮಗಳು ಮಾತ್ರ ಎಲ್ಲ ಕೇಳಿ, "ಸೋ ಐ ಹ್ಯಾಡ್ ಅನ್ ಆಂಟಿ?" ಎಂದಳು. ಆಂಟಿ ಅಲ್ಲ, ದೊಡ್ಡವ್ವ ಎಂದೆ. "ಬಟ್ ಶಿ ವಾಸ್ ಅ ಬೇಬಿ," ಎಂದು ಅದೇ ಕೌದಿ ಹೊದ್ದು ಮಲಗಿದಳು. ಅವಳಿಗೆ ನಿದ್ದೆ ಬಂತು. ನನಗೆ ಕೆಲವು ದಿನ ಬರಲಿಲ್ಲ.

ಅವ್ವ ಮುಂದೆ ಆ ಮಾತು ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಮನೆ ಬದಲಿಸುವ ಗಡಿಬಿಡಿಯಲ್ಲಿ ತಿಂಗಳುಗಳು ಹೋದವು. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ಹಿಂದಿನ ದಿನ ಅವಳಾಗಿಯೇ ಫೋನು ಮಾಡಿದಳು. ಅಜ್ಜಿ ಹೋದಾಗಿನಿಂದ ಆ ಕೆಲಸ ಚಿಕ್ಕಪ್ಪನ ಮನೆಯಲ್ಲೇ ನಡೆಯುತ್ತಿತ್ತು. ಅವ್ವ ಒಮ್ಮೆಯೂ ಅತ್ತೆಗೆಂದು ಎಲೆ ಹಾಕಿದವಳಲ್ಲ.

"ಈ ಸಲ ನಮ್ಮ ಮನ್ಯಾಗ ಇಡತೀನಿ. ಸೀರಿ ತಂದೀನಿ," ಎಂದಳು.

"ಚಲೋ ಆತು ಬಿಡವ್ವಾ."

"ಏನ್ ಚಲೋ? ಮುಂಜಾನಿಂದ ಕುಂತೀನಿ. ಏನ್ ಅಡಗಿ ಮಾಡಬೇಕು ಅಂತ ತಿಳೀವಲ್ದು. ಏಳೆಂಟು ವರ್ಷ ಆಕೀಗೆ ಗಂಗಾಳಕ್ಕ ಉಣ್ಣಾಕ ಬಡಿಸೀನಿ ಯವ್ವಾ. ಆಕೀಗೆ ಏನ್ ಸೇರತಿತ್ತು ಅಂತ ಗೊತ್ತ ಇಲ್ಲ ನನಗ."

ಆಮೇಲೆ ಅವಳು ಓಣಿಯಲ್ಲಿದ್ದ, ಅಜ್ಜಿಯ ಓರಗೆಯ ಒಬ್ಬ ಮುದುಕಿಯನ್ನು ಹುಡುಕಿಕೊಂಡು ಹೋಗಿ ಅದನ್ನೇ ಕೇಳಿ ಬಂದಳಂತೆ. ಮರುದಿನ ಫೋಟೊ ಕಳಿಸಿದಳು. ಎಲೆಯ ಮೇಲೆ ಗೋಧಿ ಹುಗ್ಗಿ, ಅದರ ಪಕ್ಕ ಹಸಿ ಉಳ್ಳಾಗಡ್ಡಿ ಹೋಳು.