ಐತಾಳರ ಕವಡೆ

ಬ್ರಹ್ಮಾವರದ ಪ್ರಯೋಗಾಲಯದಲ್ಲಿ ವೈಕುಂಠ ಐತಾಳರಿಗೆ ಸಂಬಳ ಸಿಗುವುದೇ ಜೀವಿಗಳ ಸಂತತಿ ಹೇಗೆ ಅಳಿಯುತ್ತದೆ ಎಂದು ಕಂಡುಹಿಡಿಯುವುದಕ್ಕೆ. ಮದುವೆಯೂಟಕ್ಕೆ ಕೂತರೂ ಸುಮ್ಮನಿರದೆ ಎಲೆಗಳನ್ನು ಎಣಿಸಿ, ಪಾಯಸ ಯಾವ ಪಂಕ್ತಿಯಲ್ಲಿ ಮುಗಿಯುತ್ತದೆಂದು ಬಡಿಸುವವರಿಗಿಂತ ಮೊದಲೇ ಹೇಳಿಬಿಡುತ್ತಾರೆ. ಅವರ ಮೇಜಿನ ಮೇಲೆ ಅರವತ್ತು ಜಾಡಿ, ಜಾಡಿಯೊಳಗೆ ಸಾಸಿವೆಯಷ್ಟು ಸಣ್ಣ ನೀರುಚಿಗಟಗಳು. ಅರ್ಧ ಜಾಡಿಗಳಿಗೆ ದಿನವೂ ಒಂದೇ ಅಳತೆಯ ಪಾಚಿನೀರು, ಉಳಿದರ್ಧಕ್ಕೆ ಅದೃಷ್ಟವಿದ್ದಷ್ಟು. ಯಾವುದು ಬೇಗ ಬರಿದಾಗುತ್ತದೆ ನೋಡಬೇಕು. ಈ ಅದೃಷ್ಟವನ್ನು ಕಂಪ್ಯೂಟರಿಗೆ ಬಿಡಲು ಐತಾಳರಿಗೆ ಮನಸ್ಸಿಲ್ಲ. ಜೋಯಿಸರಾಗಿದ್ದ ತಂದೆಯ ಆರು ಕವಡೆಗಳನ್ನು ಜಾಡಿಗೊಮ್ಮೆ ಹಾಕಿ, ಅಂಗಾತ ಬಿದ್ದಷ್ಟು ಹನಿ ಬಿಡುತ್ತಾರೆ. ಎಲ್ಲವೂ ಬೋರಲಾದರೆ ಅಂದು ಉಪವಾಸ. "ಕನಿಕರ ಮಾಡಿರೆ ಪ್ರಯೋಗ ಹಾಳ್!" ಎಂದು ಜತೆಯವರನ್ನು ಗದರುತ್ತಾರೆ. ಆದರೆ ಜಾಡಿಯಲ್ಲಿ ಒಂದೇ ಹೆಣ್ಣು ಉಳಿದು, ಅದಕ್ಕೂ ಉಪವಾಸ ಬಿದ್ದ ದಿನ, "ಕವಡೆ ಸಮ ಬಿದ್ದಿಲ್ಲೆ" ಎಂದು ಗೊಣಗಿ ಇನ್ನೊಮ್ಮೆ ಹಾಕುತ್ತಾರೆ. ಹಾಗೆ ಮಾಡಿದ್ದನ್ನು ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆದು, ಆ ಜಾಡಿಯನ್ನು ಪ್ರಯೋಗದಿಂದ ಕೈಬಿಟ್ಟು, ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡು ಕೊಕ್ಕರ್ಣೆಯ ಮನೆಗೆ ತರುತ್ತಾರೆ. ನೀರುಚಿಗಟಕ್ಕೆ ಗಂಡು ಬೇಕೆಂದಿಲ್ಲ, ಒಂದು ಹೆಣ್ಣಿದ್ದರೆ ಸಂಸಾರ ಮತ್ತೆ ಬೆಳೆದೀತು. ಅಡುಗೆಮನೆಯ ಕಿಟಕಿಯಲ್ಲಿ ಈಗ ಹದಿನೇಳು ಜಾಡಿ. "ಚಾ ಪುಡಿ ಡಬ್ಬಿ ಇಡೂಕೂ ಜಾಗ ಇಲ್ಲೆ" ಎಂದು ದಿನವೂ ರೇಗುವ ಹೆಂಡತಿ ಸುಗುಣಾ ಇವತ್ತು ಬೆಳಿಗ್ಗೆ, ಹಾಲು ಉಕ್ಕುತ್ತಿದ್ದರೂ ಬಿಟ್ಟು, ಮೊನ್ನೆ ತಂದ ಜಾಡಿಗೆ ಮೂಗು ತಾಗಿಸಿ ಕೂಗಿದರು: "ಹ್ವಾಯ್, ಬೇಗ ಬನ್ನಿ, ನಿಮ್ಮ ಒಂಟಿ ಹೆಣ್ಣಿಗೆ ಮರಿ ಆಯ್ತ್ ಕಾಣಿ!" ಅಳಿವಿನ ಪಂಡಿತರು ಅರ್ಧ ಮುಖದ ಸೋಪಿನ ನೊರೆಯಲ್ಲೇ ಓಡಿಬಂದು, ಮರಿಗಳನ್ನು ಎಣಿಸಲು ಹೋಗಿ, ಜೀವನದಲ್ಲಿ ಮೊದಲ ಸಲ ಲೆಕ್ಕ ತಪ್ಪಿದರು.