ಆಚೆ ದಡಕ್ಕೊಂದು ನೀರದಾರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತ ದೋಣಿಯಮ್ಮ ಅಂತರಗಂಗೆ ಕಳೆಯ ಬುಡಕ್ಕೆ ಕೈಹಾಕಿ, ಬೇರುಸಮೇತ ಎತ್ತಿ ದೋಣಿಗೆ ಎಸೆಯುತ್ತಾರೆ. ತುಂಬಿದ ದೋಣಿಯನ್ನು ಹಗ್ಗದಿಂದ ದಡಕ್ಕೆಳೆಯುವುದು ಅವರ ಯಜಮಾನರ ಕೆಲಸ.

"ಅಲ್ಲೇ ನಿದ್ದೆ ಹೋದ್ರಾ? ಎಳೀರಿ!"

"ನೀನು ಕೂಗೋ ಕೂಗಿಗೆ ಮೀನೂ ನಿದ್ದೆ ಮಾಡಲ್ಲ ಕಣೇ."

ಮೂವತ್ತು ವರ್ಷ ಈ ಸರೋವರದಲ್ಲಿ ಜನರನ್ನು ದಾಟಿಸಿದ ಜೋಡಿ ಇದು. ಆಗ ನೀರಿನ ತಳದ ಬೆಣಚುಕಲ್ಲು ಕಾಣುತ್ತಿತ್ತು. ಆಚೆ ದಡಕ್ಕೆ ಮದುವೆಯಾಗಿ ಹೋದ ತಮ್ಮ ಅಕ್ಕ ಬಟ್ಟೆ ಒಗೆಯಲು ಬಂದರೆ, ದೋಣಿಯಮ್ಮ ನಡುನೀರಲ್ಲೇ ಹುಟ್ಟು ನಿಲ್ಲಿಸಿ ಕೂಗಿ ಹರಟುತ್ತಿದ್ದರು. ದೋಣಿಯಲ್ಲಿದ್ದವರು ಗೊಣಗಿದರೆ, "ನಮ್ಮ ಮಾತು ಮುಗೀಲಿ, ಆಮೇಲೆ ದಡ."

ಈಗ ಆ ನೀರಿನ ಮೇಲೆ ಹಸಿರು ಚಾಪೆ. ಅದನ್ನು ಸಾಕಿ ಬೆಳೆಸಿದವರು ನಾವು. ಇಡೀ ಪಟ್ಟಣದ ಚರಂಡಿಯನ್ನು ಇಲ್ಲಿಗೆ ತಿರುಗಿಸಿ, ದಂಡೆಯ ಮೇಲೆ ನಿಂತು ನೇರಳೆ ಹೂವಿನ ಫೋಟೊ ತೆಗೆದುಕೊಂಡವರೂ ನಾವೇ. ಕಳೆ ಕವಿದು ದೋಣಿಯ ಓಡಾಟ ನಿಂತದ್ದು ನಮಗೆ ಸುದ್ದಿಯೇ ಆಗಲಿಲ್ಲ. ನಾಚಿಕೆಯಾಗಬೇಕು.

ಮೊದಮೊದಲು ಇವರೂ ಎಡವಿದ್ದಾರೆ. ಕುಡುಗೋಲಿನಿಂದ ಕೊಚ್ಚಿ ದಾರಿ ಮಾಡಿದರು. ಕೊಚ್ಚಿದ ತುಂಡುಗಳು ತೇಲಿಹೋಗಿ ಹೊಸ ಗಿಡಗಳಾದವು. "ಕಳೆ ತೆಗೀತೀವಿ ಅಂತ ಹೋಗಿ ಬಿತ್ತನೆ ಮಾಡಿ ಬಂದ್ವಿ," ಎಂದು ದೋಣಿಯಮ್ಮ ನಗುತ್ತಾರೆ. ಈಗ ಕೈಯಲ್ಲೇ ಕಿತ್ತು, ದೂರದ ಬಯಲಲ್ಲಿ ಒಣಗಿಸುತ್ತಾರೆ. ತೆರೆದ ದಾರಿಯ ಎರಡೂ ಬದಿಗೆ ಖಾಲಿ ಕ್ಯಾನು ಕಟ್ಟಿದ ಹಗ್ಗ ಬಿಗಿದಿದ್ದಾರೆ, ಕಳೆ ಒಳನುಗ್ಗದಂತೆ. ದಿನಕ್ಕೆ ಇಪ್ಪತ್ತು ದೋಣಿ ತುಂಬಿದರೂ ಕಾಣುವುದು ಅಂಗಳದಷ್ಟು ನೀರು.

ಇಷ್ಟೆಲ್ಲ ಆತುರ ಆ ಅಕ್ಕನಿಗಾಗಿ. ಆಕೆಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಊರೆಲ್ಲ ಸುತ್ತಿ ಬರುವ ಬಸ್ಸಿನ ಕುಲುಕಾಟವನ್ನು ಸೊಂಟ ತಾಳದು. "ಕಣ್ಣಲ್ಲಿ ಬೆಳಕಿರೋವಾಗ್ಲೇ ದೋಣಿ ಮೇಲೆ ತವರಿಗೆ ಕರ್ಕೊಂಡ್ ಬರ್ಬೇಕು. ಗಾಳಿ ತಿರುಗಿದ್ರೆ ಹಗ್ಗಾನೂ ಕಿತ್ಕೊಂಡು ಹೋಗುತ್ತೆ, ದಾರಿ ಮುಚ್ಚಿಹೋಗುತ್ತೆ," ಎನ್ನುತ್ತಾರೆ ದೋಣಿಯಮ್ಮ.

ಇಂದು ಉಳಿದಿರುವುದು ಕೊನೆಯ ತುಣುಕು. ಬಿಸಿಲೇರುವ ಹೊತ್ತಿಗೆ ಅದೂ ಮುಗಿದು, ಗಂಡಹೆಂಡಿರಿಬ್ಬರೂ ಹುಟ್ಟು ಹಾಕುತ್ತಾರೆ. ದೋಣಿಯ ಮೂತಿ ಆಚೆ ದಡದ ಕೆಸರಿಗೆ ತಾಗುತ್ತದೆ. ಅಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಅಕ್ಕ ಕೂತಿದ್ದಾರೆ.

"ಯಾರೇ, ನೀನೇನಾ? ಇಷ್ಟು ವರ್ಷ ಬೇಕಾಯ್ತಾ ಬರೋಕೆ?"

"ಬೈಯೋದು ಆಮೇಲೆ. ನಾನು ಕಾಣ್ತೀನಾ?"

"ಮುಖ ಕಾಣಲ್ಲ ಕಣೇ. ನೀರು ಹೊಳೆಯೋದು ಕಾಣುತ್ತೆ."

ದೋಣಿಯಮ್ಮ ಒದ್ದೆ ಸೆರಗಿಗೆ ಕೈ ಒರೆಸಿಕೊಂಡು ಅಕ್ಕನ ಕಡೆ ಚಾಚುತ್ತಾರೆ.

"ಅಷ್ಟು ಕಂಡ್ರೆ ಸಾಕು. ಹತ್ತು."