ಪೂಜೆಯ ದಿನ ಮುಟ್ಟದ ಮಿಷಿನ್

ಹೋದ ಆಯುಧಪೂಜೆಗೆ ಅಣ್ಣ ತಾನು ಆಗಷ್ಟೇ ಕೊಂಡ ಹಳೇ ಕಾರನ್ನು ಹೆಮ್ಮರಗಾಲದ ನಮ್ಮ ಮನೆ ಮುಂದೆ ಮದುಮಗನ ಹಾಗೆ ಸಿಂಗರಿಸಿದ್ದ. ಬಾಳೆಕಂದು, ಸೇವಂತಿಗೆ ಹಾರ, ಒಳಗೆ ಗಾಜಿನ ಹತ್ತಿರ ನಮ್ಮ ಸಾಹೇಬರ ಫೋಟೋ. ನಂಜನಗೂಡಿನ ಹತ್ತಿರ, ನಾನು ಕೆಲಸಕ್ಕಿದ್ದ, ಕಾರಿನ ಬ್ರೇಕ್ ಮಾಡುವ ಕಾರ್ಖಾನೆ ನಡೆಸುತ್ತಿದ್ದವರು ಅವರು. ಪರೀಕ್ಷೆ ಮಾಡದ ಬ್ರೇಕುಗಳಿಗೆ ಸುಳ್ಳು ವರದಿ ಬರೆಸಿದರೆಂದು ಜೈಲಿಗೆ ಹೋಗಿ, ಜಾಮೀನಿನ ಮೇಲೆ ಬಂದು, ಕೇಸು ಮುಗಿಯುವ ಮೊದಲೇ ತೀರಿಕೊಂಡರು.

"ತಗ್ದಾಕ್ಲಾ ಆ ಫೋಟೋನ. ಜನದ ಜೀವದ ಜೊತೆ ಆಟ ಆಡ್ದೋನು," ಅಂದ ಪಕ್ಕದ ಮನೆಯ ಮಾವ.

"ಸುಮ್ಕಿರು ಮಾವ! ಈ ಊರ್ ಎಣ್ಮಕ್ಳು ಬಸ್ ಅತ್ತಿ ಕೆಲ್ಸುಕ್ ಓಗಂಗೆ ಮಾಡ್ದೋರು ಯಾರು? ದೇವ್ರಂತ ಮನ್ಸ ಕಣೋ. ಕಾಗ್ದ ಬರ್ದ ಕಳ್ರು ಬ್ಯಾರೆ ಅವ್ರೆ," ಅಂದ ಅಣ್ಣ.

ಕಾಗದ ಬರೆದ ಕಳ್ಳಿ ನಾನೇ, ಅಲ್ಲೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ.

ಅದು ಶುರುವಾದದ್ದೂ ಒಂದು ಆಯುಧಪೂಜೆಯಲ್ಲೇ. ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷೆ ಮಾಡುವ ಮಿಷಿನ್ನಿಗೆ ಅರಿಶಿನ ಕುಂಕುಮ ಇಟ್ಟು ಹಾರ ಹಾಕಿದ್ದೆವು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ. ಅಷ್ಟರಲ್ಲಿ ಮಾಲಿಗೆ ಲಾರಿ ಬಂತು. ಸಾಹೇಬರು ಬೈಯಲಿಲ್ಲ, ಮಿಷಿನ್ ಓಡಿಸಿ ಅನ್ನಲೂ ಇಲ್ಲ. "ನೆನ್ನೆ ಅಂಕಿ ನೋಡ್ಕೊಂಡು ಬರ್ದು ಕಳ್ಸಮ್ಮ, ನಾನಿದೀನಲ್ಲ," ಅಂದರು. ಶಾಸ್ತ್ರ ಉಳಿಯಿತು ಅಂತ ನಾವೆಲ್ಲ ಖುಷಿಪಟ್ಟೆವು, ಮುಂಡೇವು! ಆಮೇಲೆ ಪೂಜೆ ಇಲ್ಲದ ದಿನಗಳಲ್ಲೂ ಲಾರಿಗೆ ಅವಸರ ಬಂದಾಗಲೆಲ್ಲ ಹಾಗೇ ಬರೆದೆ. ವಿಚಾರಣೆಯಲ್ಲಿ ಕೇಳಿದಾಗ ನನಗೇನೂ ಗೊತ್ತಿಲ್ಲ ಅಂದುಬಿಟ್ಟೆ.

ಅಣ್ಣ ತಂದದ್ದು ಆ ಬ್ರೇಕು ಹಾಕಿದ, ನಾನು ಹಾಗೆ ಬರೆದ ವರ್ಷದ್ದೇ ಕಾರು. ಬ್ರೇಕ್ ಬದಲಿಸಬೇಕು, ವಾಪಸ್ ತಂದು ತೋರಿಸಿ ಎಂಬ ಕಾರು ಕಂಪನಿಯ ಕಾಗದ ಹಳೇ ಯಜಮಾನನಿಗೆ ಹೋಗಿರಬೇಕು, ಅಣ್ಣನಿಗೆ ಗೊತ್ತಿರಲಿಲ್ಲ. ಕಾರು ಮನೆಗೆ ಬಂದ ದಿನದಿಂದ ಹೇಳೋಣ ಅಂತ ಬಾಯಿ ತೆರೆಯುವುದು, ಭಯವಾಗಿ ಮುಚ್ಚಿಕೊಳ್ಳುವುದು, ಇದೇ ಆಗಿತ್ತು.

ಪೂಜೆ ಮುಗಿಯಿತು. ಟಿ. ನರಸೀಪುರದ ಅಕ್ಕನ ಮನೆಗೆ ಹೋಗಲು ಅವ್ವ, ಅತ್ತಿಗೆ, ಇಬ್ಬರು ಮಕ್ಕಳು ಹತ್ತಿ ಕೂತರು. ಚಕ್ರದ ಕೆಳಗಿನ ನಿಂಬೆಹಣ್ಣು ಪಚಕ್ ಅಂದಿತು. ನಾನು ಓಡಿಹೋಗಿ ಅಡ್ಡ ನಿಂತೆ.

"ಥೂ, ನಿಂಬೆಅಣ್ಣು ಮೆಟ್ದ ಗಾಡಿಗೆ ಅಡ್ಡ ಬತ್ತಾರೇನೆ, ಅನಿಷ್ಟದೋಳೆ!" ಅವ್ವ ಕೂಗಿದಳು.

"ಇಳೀರಿ. ಮೊದ್ಲು ಮಕ್ಳುನ್ನ ಇಳ್ಸಿ," ಅಂದೆ. "ಅಣ್ಣ, ಆ ಬ್ರೇಕ್ ಟೆಸ್ಟ್ ಮಾಡಿಲ್ಲ. ಮಾಡಿದೀವಿ ಅಂತ ಬರ್ದೋಳು ನಾನೇ."

ಅಣ್ಣ ಕಾರು ಆಫ್ ಮಾಡಿದ. ಫೋಟೋದ ಕಡೆ ತಿರುಗಿದ.

"ಸಾಯೇಬ್ರು ಯೋಳಿದ್ರಾ?"

"ಊಂ."

ಅವನು ಇಳಿದು ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

"ಅಮ್ಮಿ, ನಮ್ ಮಕ್ಳು ಕೂರೋ ಕಾರು ಅಂತ ಗೊತ್ತಿದ್ರೆ, ಆಗ್ಲೂ ಬರೀತಿದ್ಯಾ?"

"ಇಲ್ಲ," ಅಂದೆ.